ತೋಳ ಹೋದ ಮೇಲೂ ಉಳಿದ ನಾಯಿ

(ನಾಯಿ ಸಾಕುವವರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಕೆಲವು ಪ್ರಶ್ನೋತ್ತರಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಬೇಟೆನಾಯಿ ಅಂದ ಕೂಡಲೇ ನಮ್ಮವರಿಗೆ ನೆನಪಾಗುವುದು ಮುಧೋಳ. ಉದ್ದ ಕಾಲು, ಒಳಸೇರಿದ ಹೊಟ್ಟೆ, ಚೂರೂ ಬೊಜ್ಜಿಲ್ಲದ ಮೈ. ಅದು ಕಣ್ಣನ್ನು ನಂಬಿದ ನಾಯಿ. ಬಯಲಲ್ಲಿ ಮೊಲ ಎದ್ದರೆ ಸದ್ದಿಲ್ಲದೆ ಅಟ್ಟಿಸಿಕೊಂಡು ಹೋಗಿ ಹಿಡಿಯುತ್ತದೆ. ಮೊಲ ಪೊದೆಯೊಳಗೆ ಮರೆಯಾಯಿತೋ, ಅದರ ಆಟ ಹೆಚ್ಚುಕಡಿಮೆ ಮುಗಿಯಿತು. ಇವತ್ತು ನಾನು ಹೇಳಬೇಕೆಂದಿರುವ ನಾಯಿಯ ಕೆಲಸ ಶುರುವಾಗುವುದೇ ಅಲ್ಲಿಂದ. ಅದಕ್ಕೆ ಪ್ರಾಣಿ ಕಾಣಲೇಬೇಕು ಅಂತಿಲ್ಲ. ರಾತ್ರಿ ಅಲ್ಲಿಂದ ಹಾದುಹೋಗಿದ್ದರೂ ಸಾಕು. ಬೆಳಗ್ಗೆ ಬಂದು ಮೂಗನ್ನು ನೆಲಕ್ಕಿಟ್ಟು ಅದೇ ದಾರಿ ಹಿಡಿಯುತ್ತದೆ. ಸದ್ದಿಲ್ಲದೆ ಅಲ್ಲ, ಊರಿಗೆಲ್ಲ ಕೇಳುವ ಹಾಗೆ ಊಳಿಡುತ್ತಾ.

ಹೆಸರು ಗ್ರಾಂ ಬ್ಲೂ ದ ಗ್ಯಾಸ್ಕೋನ್. ಗ್ಯಾಸ್ಕನಿ ಸೀಮೆಯ ದೊಡ್ಡ ನೀಲಿ ನಾಯಿ. ಗ್ಯಾಸ್ಕನಿ ಇರುವುದು ಫ್ರಾನ್ಸಿನ ನೈಋತ್ಯ ಮೂಲೆಯಲ್ಲಿ. ಒಂದು ಕಡೆ ಗರಾನ್ ನದಿ, ಇನ್ನೊಂದು ಕಡೆ ಪಿರನೀಸ್ ಬೆಟ್ಟಸಾಲು. ಕೆಲಸದ ಮೇಲೆ ಟುಲೂಸ್ ಕಡೆ ಇದ್ದಾಗ ಪಕ್ಕದ ಹಳ್ಳಿಯ ರೈತರೊಬ್ಬರ ಮನೆಯಲ್ಲಿ ಈ ನಾಯಿಗಳನ್ನು ಹತ್ತಿರದಿಂದ ನೋಡಿದೆ. ಈಗಲೂ ನಾಯಿ ಅಂದರೆ ನನಗೆ ಇದೇ. ಹಾಗಾಗಿ ಸ್ವಲ್ಪ ಪಕ್ಷಪಾತ ಇರುತ್ತದೆ, ಸಹಿಸಿಕೊಳ್ಳಿ.

ನೀಲಿ ಅಂದರೆ ನಿಜವಾದ ನೀಲಿಯಲ್ಲ. ಬಿಳಿ ಕೂದಲ ನಡುವೆ ಒತ್ತೊತ್ತಾಗಿ ಕಪ್ಪು ಚುಕ್ಕೆ. ದೂರದಿಂದ ನೋಡಿದರೆ ಎರಡೂ ಕಲೆತು ಸ್ಲೇಟಿನ ಬಣ್ಣ ಕಾಣುತ್ತದೆ. ಮರಿ ಹುಟ್ಟಿದಾಗ ಈ ನೀಲಿ ಇರುವುದೇ ಇಲ್ಲ. ಬಿಳಿ ಮೈ, ಅಲ್ಲಲ್ಲಿ ದೊಡ್ಡ ಕಪ್ಪು ಮಚ್ಚೆ, ಅಷ್ಟೇ. ಚುಕ್ಕೆಗಳು ವಾರ ಕಳೆದ ಹಾಗೆ ಮೂಡುತ್ತಾ ಹೋಗುತ್ತವೆ. ತಲೆಯ ಎರಡೂ ಬದಿಗೆ ಕಪ್ಪು, ಕಿವಿಯೂ ಕಪ್ಪು, ನಡುನೆತ್ತಿಯಲ್ಲಿ ಬಿಳಿ ಪಟ್ಟೆ. ಆ ಬಿಳಿಯ ನಡುವೆ ಎಷ್ಟೋ ನಾಯಿಗಳಿಗೆ ಒಂದು ಪುಟ್ಟ ಕಪ್ಪು ಬೊಟ್ಟು. ಕಣ್ಣಿನ ಮೇಲೆ ಒಂದೊಂದು ಕಂದು ಚುಕ್ಕೆ. ಅದಕ್ಕೇ ಅಲ್ಲಿಯ ಬೇಟೆಗಾರರು ಇದನ್ನು ನಾಲ್ಕು ಕಣ್ಣಿನ ನಾಯಿ ಅನ್ನುತ್ತಾರೆ. ಋಗ್ವೇದದಲ್ಲಿ ಯಮನ ನಾಯಿಗಳಿಗೂ ನಾಲ್ಕು ಕಣ್ಣು, ಗೊತ್ತಲ್ವಾ? ಬಾಯಿಯೊಳಗಿನ ಅಂಗುಳ, ತುಟಿ, ಅಂಗಾಲು ಎಲ್ಲ ಕಪ್ಪು. ಗಂಡು ನಾಯಿ ಭುಜದವರೆಗೆ 65ರಿಂದ 72 ಸೆಂಟಿಮೀಟರ್ ಎತ್ತರ, ಹೆಣ್ಣು 62ರಿಂದ 68. ಸಣ್ಣ ನಾಯಿಯಂತೂ ಅಲ್ಲ. ಆದರೆ ಮುಖ ನೋಡಿದರೆ ಯಾರೋ ಬೈದಿದ್ದಾರೆ ಅನ್ನುವಷ್ಟು ಸಪ್ಪೆ. ಜೋತುಬಿದ್ದ ತುಟಿ, ಸ್ವಲ್ಪ ಸಡಿಲವಾದ ಕೆಳರೆಪ್ಪೆ. ಕಿವಿಯನ್ನು ಮುಂದಕ್ಕೆ ಎಳೆದರೆ ಮೂಗಿನ ತುದಿ ಮುಟ್ಟಲೇಬೇಕು, ಅದು ತಳಿಯ ನಿಯಮ.

ಇಂಥ ನಾಯಿಯನ್ನು ಯಾಕೆ ಬೆಳೆಸಿದರು? ತೋಳಕ್ಕಾಗಿ.

ಫ್ರಾನ್ಸಿನಲ್ಲಿ ತೋಳದ ಕಾಟ ಎಷ್ಟಿತ್ತೆಂದರೆ, 9ನೇ ಶತಮಾನದ ಆರಂಭದಲ್ಲೇ ಚಕ್ರವರ್ತಿ ಶಾರ್ಲಮೇನ್ ತೋಳ ಹೊಡೆಯಲೆಂದೇ ಅಧಿಕಾರಿಗಳನ್ನು ನೇಮಿಸಿದ್ದ. ಮುಂದೆ ಅದು ಲೂವೆತ್ರಿ ಅನ್ನುವ ದೊಡ್ಡ ಇಲಾಖೆಯೇ ಆಯಿತು. ಫ್ರೆಂಚ್ ಕ್ರಾಂತಿಗೆ ಸ್ವಲ್ಪ ಮುಂಚೆ, ಖರ್ಚು ಉಳಿಸಲು ಅದನ್ನು ಮುಚ್ಚಿದರು. ನೆಪೋಲಿಯನ್ ಬಂದು ಮತ್ತೆ ತೆರೆದ. ತಮಾಷೆ ಏನೆಂದರೆ, ಆ ಹುದ್ದೆ ಇವತ್ತಿಗೂ ಇದೆ. ಈಗ ಅವರಿಗೆ ಹೆಚ್ಚಾಗಿ ಕಾಡುಹಂದಿಯದ್ದೇ ಕೆಲಸ.

ತೋಳವನ್ನು ಹಿಂಬಾಲಿಸುವುದು ಎಲ್ಲ ನಾಯಿಗೂ ಆಗುವುದಿಲ್ಲ. ಎಷ್ಟೋ ಬೇಟೆನಾಯಿಗಳು ತೋಳದ ವಾಸನೆ ಸಿಕ್ಕರೆ ಬೆನ್ನಿನ ಕೂದಲು ನಿಮಿರಿಸಿಕೊಂಡು ಹಿಂದೆ ಸರಿಯುತ್ತವೆ. ಜೊತೆಗೆ ತೋಳ ಒಂದೇ ರಾತ್ರಿ ಹತ್ತಾರು ಕಿಲೋಮೀಟರ್ ನಡೆದುಬಿಡುತ್ತದೆ. ದಣಿವು ಅನ್ನುವುದು ಅದಕ್ಕೆ ಬೇಗ ಬರುವುದಿಲ್ಲ. ಅದರ ಹಿಂದೆ ಹೋಗುವ ನಾಯಿಗೆ ಓಟದ ವೇಗಕ್ಕಿಂತ ಹೆಚ್ಚಾಗಿ ಹಟ ಬೇಕು, ಆರಿದ ಜಾಡನ್ನೂ ಬಿಡದ ಮೂಗು ಬೇಕು, ಹಿಂಡಾಗಿ ನಿಲ್ಲುವ ಧೈರ್ಯ ಬೇಕು. ಗ್ಯಾಸ್ಕನಿಯವರು ತಲೆಮಾರುಗಳ ಕಾಲ ಇದನ್ನೇ ಆರಿಸಿ ಆರಿಸಿ ಬೆಳೆಸಿದರು.

14ನೇ ಶತಮಾನದ ಫ್ವಾ ಸೀಮೆಯ ದೊರೆ ಗಸ್ತೋಂ ಫೆಬ್ಯೂಸ್ ಇಂಥ ನಾಯಿಗಳನ್ನೇ ಸಾಕಿದ್ದ ಎಂದು ತಳಿಯ ಅಭಿಮಾನಿಗಳು ಹೇಳುತ್ತಾರೆ. ಇವತ್ತಿನ ಗ್ರಾಂ ಬ್ಲೂ ಅದೇ ನಾಯಿ ಅನ್ನುವುದನ್ನು ನಾನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. 600 ವರ್ಷದಲ್ಲಿ ಎಷ್ಟು ಬೆರಕೆ ಆಗಿರಬಹುದು! ಆದರೆ ಫೆಬ್ಯೂಸ್ ಮುಖ್ಯ ಆಗುವುದು ಬೇರೆ ಕಾರಣಕ್ಕೆ. 1387ರಲ್ಲಿ ಅವನು ಬೇಟೆಯ ಬಗ್ಗೆ ಒಂದು ಪುಸ್ತಕ ಬರೆಸಲು ತೊಡಗಿದ. ಅದರ ಒಂದು ಸಚಿತ್ರ ಹಸ್ತಪ್ರತಿ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ಅದರಲ್ಲಿ ನಾಯಿಗಳ ಆರೈಕೆಯ ಚಿತ್ರ ನೋಡಬೇಕು. ಒಬ್ಬ ನಾಯಿಯ ಬಾಯಿ ತೆರೆದು ನೋಡುತ್ತಿದ್ದಾನೆ. ಇನ್ನೊಬ್ಬ ಬೋಗುಣಿಯಲ್ಲಿ ಕಾಲು ತೊಳೆಯುತ್ತಿದ್ದಾನೆ. ನಾಯಿಗಳು ಮಲಗುವ ಜಾಗ ನೆಲಕ್ಕೆ ತಾಗದಂತೆ ಮರದ ಹಲಗೆಯ ಮೇಲಿರಬೇಕು, ಹುಲ್ಲಿನ ಹಾಸಿಗೆ ಬದಲಿಸುತ್ತಿರಬೇಕು, ಬಿಸಿಲಿಗೆ ಬಿಡಲು ಅಂಗಳ ಇರಬೇಕು, ರಾತ್ರಿ ಜೊತೆಗೊಬ್ಬ ಹುಡುಗ ಮಲಗಿರಬೇಕು, ಇಲ್ಲದಿದ್ದರೆ ನಾಯಿಗಳು ಕಚ್ಚಾಡಿಕೊಳ್ಳುತ್ತವೆ ಎಂದೆಲ್ಲ ಅದರಲ್ಲಿದೆ. ಇವತ್ತು ದುಡ್ಡು ಕೊಟ್ಟು ನಾಯಿಯನ್ನು ಬೋರ್ಡಿಂಗಿಗೆ ಬಿಡುವವರು ಈ ಪಟ್ಟಿ ಹಿಡಿದುಕೊಂಡು ಹೋಗಿ ನೋಡಿದರೆ ಒಳ್ಳೆಯದು.

ಮುಂದೆ ಏನಾಯಿತು? ಬಂದೂಕು ಬಂತು, ವಿಷ ಬಂತು, ಕಾಡು ಕಡಿಮೆಯಾಯಿತು. 1882ರ ಕಾನೂನು ತೋಳದ ತಲೆಗೆ ದೊಡ್ಡ ಬಹುಮಾನ ಇಟ್ಟಿತು. ಮರುವರ್ಷ ಒಂದರಲ್ಲೇ ಸಾವಿರಕ್ಕೂ ಹೆಚ್ಚು ತೋಳಗಳಿಗೆ ಬಹುಮಾನ ಹೋಯಿತು. 1930ರ ದಶಕದ ಹೊತ್ತಿಗೆ ಫ್ರಾನ್ಸಿನಲ್ಲಿ ತೋಳವೇ ಉಳಿಯಲಿಲ್ಲ. ಕೆಲಸ ಹೋದ ಮೇಲೆ ಇಷ್ಟು ದೊಡ್ಡ ನಾಯಿಗೆ ಯಾರು ಊಟ ಹಾಕುತ್ತಾರೆ? ಮೊಲ, ಜಿಂಕೆಗೆ ಚಿಕ್ಕ ನಾಯಿ ಸಾಕು. ಹಾಗಾಗಿ ಇದೇ ಬಣ್ಣದ ಪೆತಿ ಬ್ಲೂ, ಗಿಡ್ಡ ಕಾಲಿನ ಬ್ಯಾಸೆ ಬ್ಲೂ, ಒರಟು ಕೂದಲಿನ ಗ್ರಿಫಾಂ ಬ್ಲೂ ಇವುಗಳಿಗೂ ಜಾಗ ಸಿಕ್ಕಿತು. ಇದಕ್ಕೂ ಮುಂಚೆಯೇ, 19ನೇ ಶತಮಾನದ ನಡುವೆ, ಬ್ಯಾರನ್ ಕರಯೋಂ ಲತೂರ್ ಎಂಬವರು ಸಾಂತೋಂಜ್ ಸೀಮೆಯ ಅಳಿದುಳಿದ ನಾಯಿಗಳನ್ನು ಗ್ರಾಂ ಬ್ಲೂ ಜೊತೆ ಕೂಡಿಸಿ ಗ್ಯಾಸ್ಕಾಂ ಸಾಂತೋಂಜ್ವಾ ಅನ್ನುವ ಹೊಸ ತಳಿ ಮಾಡಿದರು. ಗ್ರಾಂ ಬ್ಲೂ ಮಾತ್ರ ಕೆಲವರ ಹಟದಿಂದ ಉಳಿದುಕೊಂಡಿತು. 1992ರಲ್ಲಿ ಇಟಲಿಯ ಕಡೆಯಿಂದ ತೋಳ ಮತ್ತೆ ಫ್ರಾನ್ಸಿಗೆ ಬಂತು. ಆದರೆ ಈಗ ಅದು ಸಂರಕ್ಷಿತ ಪ್ರಾಣಿ. ಈಗ ಕೆಲಸ ಸಿಕ್ಕಿರುವುದು ಕುರಿ ಕಾಯುವ ಬಿಳಿ ಪಿರನೀಸ್ ನಾಯಿಗೆ.

ಅಮೆರಿಕದ ಕಥೆಯನ್ನು ಬೇಗ ಮುಗಿಸುತ್ತೇನೆ. 1785ರಲ್ಲಿ ಫ್ರೆಂಚ್ ಸೇನಾನಿ ಲಫಾಯೆತ್ ತನ್ನ ಗೆಳೆಯ ಜಾರ್ಜ್ ವಾಷಿಂಗ್ಟನ್‌ಗೆ ಫ್ರಾನ್ಸಿನಿಂದ 7 ಬೇಟೆನಾಯಿಗಳನ್ನು ಕಳಿಸಿದ. 3 ಗಂಡು, 4 ಹೆಣ್ಣು ಎಂದು ವಾಷಿಂಗ್ಟನ್ ದಿನಚರಿಯಲ್ಲೇ ಬರೆದಿಟ್ಟಿದ್ದಾನೆ. ಅವು ಗ್ರಾಂ ಬ್ಲೂ ಎಂದು ಹೇಳುವುದು ವಾಡಿಕೆ. ಅವುಗಳಲ್ಲಿ ವಲ್ಕನ್ ಎಂಬ ನಾಯಿ, ಅತಿಥಿಗಳಿಗಾಗಿ ಬೇಯಿಸಿಟ್ಟಿದ್ದ ಇಡೀ ಹಂದಿ ತೊಡೆಯನ್ನೇ ಅಡುಗೆಮನೆಯಿಂದ ಕಚ್ಚಿಕೊಂಡು ಓಡಿತಂತೆ. ವಾಷಿಂಗ್ಟನ್ನನ ಹೆಂಡತಿಗೆ ಕೋಪ, ಅವನಿಗೆ ನಗು. ಈ ಗುಣ ತಳಿಯಿಂದ ಇನ್ನೂ ಹೋಗಿಲ್ಲ. ಅಡುಗೆಮನೆ ಕಟ್ಟೆಯ ಮೇಲಿಟ್ಟದ್ದು ಇದಕ್ಕೆ ಎಟುಕುತ್ತದೆ, ನೆನಪಿರಲಿ. ಅಮೆರಿಕದ ಬ್ಲೂಟಿಕ್ ಕೂನ್‌ಹೌಂಡ್ ನಾಯಿಯ ಮೈಯಲ್ಲಿ ಹರಿಯುವುದೂ ಈ ಗ್ಯಾಸ್ಕನಿಯ ರಕ್ತವೇ.

ಈಗ ನನಗೆ ತುಂಬಾ ಇಷ್ಟವಾದ ಭಾಗಕ್ಕೆ ಬರುತ್ತೇನೆ, ಇದರ ದನಿ.

ಚಳಿಗಾಲದ ಬೆಳಗ್ಗೆ ನೆಲ ಒದ್ದೆಯಾಗಿ ತಣ್ಣಗಿರುವಾಗ ವಾಸನೆ ಚೆನ್ನಾಗಿ ನಿಲ್ಲುತ್ತದೆ. ಒಣ ಬಿಸಿಲು, ಗಾಳಿ ಬಂದರೆ ಹಾರಿಹೋಗುತ್ತದೆ. ಆ ರೈತರು ನಸುಕಿನಲ್ಲೇ ಕಾಡಿನ ಅಂಚಿಗೆ ನಾಯಿ ತರುತ್ತಿದ್ದರು. ರಾತ್ರಿ ಕಾಡುಹಂದಿ ಮೇಯಲು ಬಂದು ವಾಪಸು ಹೋದ ಜಾಡು. ನಾಯಿ ಮೂಗು ನೆಲಕ್ಕೆ ಒತ್ತಿ ನಿಧಾನಕ್ಕೆ ಸುತ್ತು ಹಾಕುತ್ತದೆ. ಅವಸರವೇ ಇಲ್ಲ. ಎಷ್ಟೋ ಹೊತ್ತು ಮೌನ. ಆಮೇಲೆ ತಲೆ ಎತ್ತಿ ಒಂದೇ ಒಂದು ಉದ್ದನೆಯ ಕೂಗು, ಗಂಟಲ ಆಳದಿಂದ. ಮತ್ತೆ ಮೌನ. ಹತ್ತು ಮಾರು ದಾಟಿ ಇನ್ನೊಂದು ಕೂಗು. ಅಂದರೆ ಜಾಡು ಇದೆ, ಆದರೆ ಹಳತು. ಪ್ರಾಣಿ ಮಲಗಿರುವ ಪೊದೆ ಹತ್ತಿರವಾದಂತೆ ಕೂಗುಗಳ ನಡುವಿನ ಬಿಡುವು ಕಮ್ಮಿಯಾಗುತ್ತದೆ. ಉಳಿದ ನಾಯಿಗಳು ಬಂದು ಸೇರುತ್ತವೆ. ಹಂದಿ ಎದ್ದು ಓಡಿತೋ, ಎಲ್ಲವೂ ಒಟ್ಟಿಗೆ, ಎಡೆಬಿಡದೆ. ರೈತರು ಗುಡ್ಡದ ಮೇಲೆ ನಿಂತು ಇದನ್ನು ಸುಮ್ನೆ ಕೇಳುತ್ತಿದ್ದರು. "ಈಗ ಹಳ್ಳ ದಾಟಿತು. ಈಗ ದಾರಿ ತಪ್ಪಿತು. ಮುದುಕಿ ಮತ್ತೆ ಹಿಡಿದಳು ನೋಡು." ಮುದುಕಿ ಅಂದರೆ ಅವರ ಹಳೆಯ ಹೆಣ್ಣು ನಾಯಿ. ಕಾಣದ ನಾಯಿಯ ದನಿ ಕೇಳಿಯೇ ಅದು ಯಾವುದು, ಏನು ಮಾಡುತ್ತಿದೆ ಎಂದು ಹೇಳುತ್ತಿದ್ದರು. ಹೀಗೆ ಹಳೆಯ ಜಾಡನ್ನು ಹಿಡಿದು ಪ್ರಾಣಿಯ ಹತ್ತಿರ ಕರೆದೊಯ್ಯುವ ನಾಯಿಗೆ ಫ್ರೆಂಚ್ ಬೇಟೆಗಾರರಲ್ಲಿ ವಿಶೇಷ ಮರ್ಯಾದೆ.

ಬೇಟೆ ಸರಿಯೋ ತಪ್ಪೋ ಅಂತ ನೀವು ಕೇಳುತ್ತೀರಿ. ಇಂಗ್ಲೆಂಡಿನಲ್ಲಿ ನಾಯಿಗಳ ಹಿಂಡು ಬಿಟ್ಟು ಬೇಟೆಯಾಡುವುದನ್ನು 2004ರ ಕಾನೂನು ನಿಷೇಧಿಸಿತು. ಫ್ರಾನ್ಸಿನಲ್ಲಿ ಇನ್ನೂ ಇದೆ, ಜಗಳವೂ ಇದೆ. ಕುದುರೆ ಏರಿ ಗಂಟೆಗಟ್ಟಲೆ ಜಿಂಕೆ ಅಟ್ಟುವುದು ನನಗೆ ಹಿಡಿಸುವುದಿಲ್ಲ. ಬೆಳೆ ತಿನ್ನುವ ಹಂದಿಯ ಮಾತು ಬೇರೆ ಅನಿಸುತ್ತದೆ. ಅದೇನೇ ಇರಲಿ, ಈ ನಾಯಿಯನ್ನು ನೋಡಿಕೊಳ್ಳಬೇಕಾದರೆ ಅದು ಏನು ಕೆಲಸಕ್ಕೆ ಹುಟ್ಟಿದ್ದು ಎಂದು ಗೊತ್ತಿರಲೇಬೇಕು. ಆರೈಕೆಯ ಎಲ್ಲ ತಾಪತ್ರಯ ಬರುವುದು ಅಲ್ಲಿಂದಲೇ.

ಮೊದಲಿಗೆ ಮೂಗು. ಜಾಡು ಸಿಕ್ಕಿದ ನಾಯಿಗೆ ನೀವು ಕರೆದದ್ದು ಕೇಳಿಸುವುದಿಲ್ಲ. ಅದು ಮೊಂಡುತನ ಅಲ್ಲ. ಅದರ ಗಮನವೆಲ್ಲ ಮೂಗಿನಲ್ಲಿರುತ್ತದೆ. ಬಯ್ದು, ಹೊಡೆದು ಪ್ರಯೋಜನ ಇಲ್ಲ. ಹಗ್ಗ ಬಿಚ್ಚಿ ಬಿಟ್ಟರೆ ಮುಂದಿನ ಊರಿನಲ್ಲಿ ಸಿಗುತ್ತದೆ, ರಸ್ತೆಯಲ್ಲಿ ಲಾರಿಗೆ ಸಿಗದಿದ್ದರೆ. ಅದಕ್ಕೇ ಅಲ್ಲಿಯ ಬೇಟೆಗಾರರು ಈಗ ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟುತ್ತಾರೆ. ಬೇಟೆಗೆ ಹೋಗದ ಮನೆಗಳಲ್ಲಿ ಎತ್ತರದ ಬೇಲಿ, ಉದ್ದದ ಹಗ್ಗ ಬೇಕೇ ಬೇಕು. ತಿನಿಸು ಕೊಟ್ಟು ಕಲಿಸಿದರೆ ಕಲಿಯುತ್ತದೆ. ಸ್ವಭಾವ ಬಲು ಸೌಮ್ಯ, ಮಕ್ಕಳ ಜೊತೆ ಹೊಂದಿಕೊಳ್ಳುತ್ತದೆ.

ಎರಡನೆಯದು ಕಿವಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಉದ್ದ ಕಿವಿ ಅಂದರೆ ಒಳಗೆ ಗಾಳಿ ಆಡುವುದಿಲ್ಲ. ಒದ್ದೆ ಹುಲ್ಲಿನಲ್ಲಿ ಓಡಾಡಿದರೆ ಕಿವಿಯ ಅಂಚೆಲ್ಲ ನೆನೆಯುತ್ತದೆ. ಊಟದ ಬಟ್ಟಲಿಗೂ ಅದ್ದಿಕೊಳ್ಳುತ್ತದೆ. ತೇವ, ಬಿಸಿ, ಕತ್ತಲು ಮೂರೂ ಸೇರಿದರೆ ಬೂಸ್ಟು, ಬ್ಯಾಕ್ಟೀರಿಯಾ ಬೆಳೆಯುತ್ತವೆ. ವಾರಕ್ಕೊಮ್ಮೆ ಕಿವಿ ಮಡಚಿ ಮೂಸಿ ನೋಡಿ. ಹೌದು, ಮೂಸಿ. ಹುಳಿ ವಾಸನೆ ಬಂದರೆ, ಒಳಗೆ ಕೆಂಪಾಗಿದ್ದರೆ, ನಾಯಿ ತಲೆ ಕೊಡವುತ್ತಲೇ ಇದ್ದರೆ ಡಾಕ್ಟರ ಹತ್ತಿರ ಹೋಗಿ. ಹತ್ತಿ ಸುತ್ತಿದ ಕಡ್ಡಿಯನ್ನು ಮಾತ್ರ ಒಳಗೆ ಹಾಕಬೇಡಿ. ಕೊಳೆ ಇನ್ನೂ ಒಳಗೆ ಹೋಗುತ್ತದೆ. ಬೇಸಿಗೆಯಲ್ಲಿ ಅಲ್ಲಿ ಇನ್ನೊಂದು ಕಾಟ, ಒಣಹುಲ್ಲಿನ ಊಬು. ಒಂದು ಕಡೆ ಚೂಪು, ಇನ್ನೊಂದು ಕಡೆ ಹಿಮ್ಮುಖವಾದ ಮುಳ್ಳು. ಕಿವಿಯೊಳಗೆ ಹೊಕ್ಕರೆ ಮುಂದಕ್ಕೇ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ. ಕಾಲ್ಬೆರಳ ಸಂದಿಯಲ್ಲಿ ಹೊಕ್ಕರೆ ಕೀವು ಕಟ್ಟುತ್ತದೆ. ಗದ್ದೆಯಿಂದ ಬಂದ ಕೂಡಲೇ ರೈತರು ಬಕೆಟ್ಟಿನ ಮೇಲೆ ಕೂತು, ನಾಯಿಯ ತಲೆಯನ್ನು ತೊಡೆಯ ನಡುವೆ ಹಿಡಿದು, ಕಿವಿಯನ್ನು ಬೆಳಕಿಗೆ ತಿರುಗಿಸಿ ಬೆರಳಲ್ಲೇ ತಡಕುತ್ತಿದ್ದರು. ಆಮೇಲೆ ನಾಲ್ಕೂ ಪಾದ. ಇದಾಗುವವರೆಗೆ ಅವರ ಕಾಫಿ ಆರುತ್ತಿತ್ತು.

ಮೂರನೆಯದು ಹೊಟ್ಟೆ. ಎದೆಗೂಡು ಆಳವಾಗಿರುವ ದೊಡ್ಡ ನಾಯಿಗಳಲ್ಲಿ ಹೊಟ್ಟೆ ಗಾಳಿಯಿಂದ ಉಬ್ಬಿ ತಿರುಚಿಕೊಳ್ಳುವ ಅಪಾಯ ಇದೆ. ಕಕ್ಕಲು ಒದ್ದಾಡುತ್ತದೆ, ಏನೂ ಬರುವುದಿಲ್ಲ. ಹೊಟ್ಟೆ ಬಿಗಿಯಾಗುತ್ತದೆ. ಜೊಲ್ಲು ಸುರಿಯುತ್ತದೆ. ಹೀಗಾದರೆ ಬೆಳಗಾಗಲಿ ನೋಡೋಣ ಎನ್ನಬೇಡಿ. ಕೆಲವೇ ಗಂಟೆಗಳಲ್ಲಿ ಜೀವ ಹೋಗಬಹುದು. ದಿನಕ್ಕೆ ಒಂದೇ ದೊಡ್ಡ ಊಟದ ಬದಲು ಎರಡು ಸಲ ಕೊಡಿ. ಊಟದ ಮುಂಚೆ, ಆಮೇಲೆ ಓಡಿಸಬೇಡಿ. ಎತ್ತರದ ಸ್ಟ್ಯಾಂಡಿನ ಮೇಲೆ ಬಟ್ಟಲಿಟ್ಟರೆ ಒಳ್ಳೆಯದು ಅಂತ ಅಂಗಡಿಯವರು ಮಾರುತ್ತಾರೆ. ಆದರೆ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎತ್ತರದ ಬಟ್ಟಲಿನಿಂದ ಅಪಾಯ ಜಾಸ್ತಿ ಎಂದೇ ಕಂಡುಬಂದಿತ್ತು. ದುಡ್ಡು ಉಳಿಸಿ.

ಮರಿಗಳ ಬಗ್ಗೆ ಒಂದು ಮಾತು. ಬೇಗ ದೊಡ್ಡದಾಗಲಿ ಅಂತ ಕ್ಯಾಲ್ಸಿಯಂ ಪುಡಿ ಸುರಿಯುವವರಿದ್ದಾರೆ. ದೊಡ್ಡ ತಳಿಯ ಮರಿಗೆ ಅದರಿಂದ ಮೂಳೆ ಕೆಡುತ್ತದೆ. ದೊಡ್ಡ ತಳಿಗೆಂದೇ ಮಾಡಿದ ಆಹಾರ ಕೊಟ್ಟು ಸುಮ್ಮನಿರಿ.

ಕಾಡಿಗೆ ಹೋಗುವ ನಾಯಿಗೆ ಬೇರೆ ಕಾಯಿಲೆಗಳಿವೆ. ಉಣ್ಣಿ ಕಚ್ಚಿ ಬರುವ ಬೆಬೀಸಿಯಾ ಜ್ವರ ನೈಋತ್ಯ ಫ್ರಾನ್ಸಿನಲ್ಲಿ ಬಹಳ. ನಾಯಿ ಊಟ ಬಿಡುತ್ತದೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗುತ್ತದೆ. ಉಣ್ಣಿ ಜ್ವರ ನಮ್ಮ ಕಡೆಯ ನಾಯಿಗಳಿಗೂ ಹೊಸದಲ್ಲ. ಕಾಡುಹಂದಿಯಿಂದ ಬರುವ ಔಯೆಸ್ಕಿ ಕಾಯಿಲೆ ಇದಕ್ಕಿಂತ ಕೆಟ್ಟದ್ದು. ಹಂದಿಯ ಹಸಿ ಮಾಂಸ, ಕರುಳು ತಿಂದ ನಾಯಿಗೆ ತಡೆಯಲಾಗದ ತುರಿಕೆ ಹತ್ತುತ್ತದೆ. ಒಂದೆರಡು ದಿನದಲ್ಲಿ ಸಾಯುತ್ತದೆ, ಔಷಧಿ ಇಲ್ಲ. ಅದಕ್ಕೇ ಹಂದಿ ಕೊಯ್ಯುವ ಜಾಗಕ್ಕೆ ನಾಯಿ ಸುಳಿಯದಂತೆ ನೋಡಿಕೊಳ್ಳುತ್ತಾರೆ.

ಇಷ್ಟೆಲ್ಲದರ ಜೊತೆಗೆ ಒಂಟಿತನ. ಇದು ಹಿಂಡಿನ ನಾಯಿ. ಇನ್ನೊಂದು ನಾಯಿಯ ಮೈಗೆ ಮೈ ತಾಗಿಸಿ ಮಲಗಿ ಬೆಳೆದದ್ದು. ಬೆಳಗ್ಗೆ ಕೆಲಸಕ್ಕೆ ಹೋಗಿ ರಾತ್ರಿ ಬರುವ ಮನೆಯಲ್ಲಿ ಒಂದನ್ನೇ ಬಿಟ್ಟರೆ ಅದು ಊಳಿಡುತ್ತದೆ. ಗುಡ್ಡದಾಚೆ ಕೇಳಲೆಂದು ಬೆಳೆಸಿದ ಗಂಟಲು ಅದು, ಅಪಾರ್ಟ್‌ಮೆಂಟಿನ ಗೋಡೆ ಏನು ಲೆಕ್ಕ?

ಇನ್ನು ಪ್ರಶ್ನೆಗಳು.

"ಸಾರ್, ಇದನ್ನು ಬೆಂಗಳೂರಿಗೆ ತರಿಸಬಹುದಾ?"

ಸುಲಭವಿಲ್ಲ. 2016ರಿಂದ ಕೇಂದ್ರ ಸರ್ಕಾರ ಮರಿ ಮಾಡಿಸಿ ಮಾರುವುದಕ್ಕೆ ವಿದೇಶಿ ನಾಯಿ ತರಿಸುವುದನ್ನು ನಿರ್ಬಂಧಿಸಿದೆ. ವಿದೇಶದಿಂದ ಇಲ್ಲಿಗೆ ವಾಸ ಬದಲಿಸುವವರು ತಮ್ಮ ಸಾಕುನಾಯಿ ತರಬಹುದು, ಅದೂ ಎರಡು. ತರಬಹುದು ಅಂದ ಮಾತ್ರಕ್ಕೆ ತರಬೇಕಾ? ನನ್ನ ಕೇಳಿದರೆ ಬೇಡ. ಇಲ್ಲಿ ಅದಕ್ಕೆ ಹಿಂಡೂ ಇಲ್ಲ, ಕೆಲಸವೂ ಇಲ್ಲ.

"ಊಳಿಡದ ಹಾಗೆ ತರಬೇತಿ ಕೊಡಲು ಆಗಲ್ವಾ?"

ಕಡಿಮೆ ಮಾಡಬಹುದು, ನಿಲ್ಲಿಸಲು ಆಗದು. ಕರೆಂಟ್ ಹೊಡೆಯುವ ಪಟ್ಟಿ ಸಿಗುತ್ತದೆ. ದಯವಿಟ್ಟು ಬೇಡ. ಬೊಗಳದ ನಾಯಿ ಬೇಕಿದ್ದವರು ಬೇರೆ ತಳಿ ನೋಡಲಿ.

"ನಮ್ಮ ಮನೆಯಲ್ಲಿ ಬೀಗಲ್ ಇದೆ. ಸೋಫಾ ಹರಿಯುತ್ತದೆ, ವಾಕಿಂಗ್ ಹೋದರೆ ಮೂಗು ಎತ್ತುವುದೇ ಇಲ್ಲ. ಏನು ಮಾಡೋದು?"

ಒಳ್ಳೆಯ ಪ್ರಶ್ನೆ. ಬೀಗಲ್ ಕೂಡ ಇದೇ ಜಾತಿಯ ಕಸುಬಿನದು, ಗಾತ್ರ ಮಾತ್ರ ಚಿಕ್ಕದು. ನೀವು ವಾಕಿಂಗಿನಲ್ಲಿ ಮೂಗು ಎತ್ತಿಸಿ ದರದರ ಎಳೆದುಕೊಂಡು ಹೋಗುತ್ತೀರಿ. ಅದಕ್ಕೆ ಬೇಕಾದದ್ದು ನಡಿಗೆ ಅಲ್ಲ, ಮೂಸುವುದು. ಒಂದು ಉದ್ದದ ಹಗ್ಗ ತನ್ನಿ, ಎಂಟು ಹತ್ತು ಮೀಟರ್. ಕೊರಳಿಗೆ ಕಟ್ಟಬೇಡಿ, ಎದೆಪಟ್ಟಿಗೆ ಕಟ್ಟಿ. ಬೆಳಗ್ಗೆ ಇಬ್ಬನಿ ಆರುವ ಮುಂಚೆ ಪಾರ್ಕಿನ ಹುಲ್ಲಿಗೆ ಹೋಗಿ. ಮನೆಯವರೊಬ್ಬರು ನಾಯಿಯನ್ನು ಹಿಡಿದುಕೊಂಡು ದೂರ ನಿಲ್ಲಲಿ. ನೀವು ಬೇಯಿಸಿದ ಚಿಕನ್ ಚೂರುಗಳನ್ನು ಹೆಜ್ಜೆಗೊಂದರಂತೆ ಬೀಳಿಸುತ್ತಾ ನೇರವಾಗಿ ನಡೆಯಿರಿ. ಕೊನೆಯಲ್ಲಿ ಒಂದು ಹಳೆಯ ಟವೆಲ್, ಅದರೊಳಗೆ ಸ್ವಲ್ಪ ಜಾಸ್ತಿ ಚೂರು. ಆಮೇಲೆ ನಾಯಿಯನ್ನು ಮೊದಲ ಚೂರಿನ ಹತ್ತಿರ ಬಿಟ್ಟು, ಏನೂ ಹೇಳದೆ ಅದರ ಹಿಂದೆ ಹೋಗಿ. ಮೂರು ನಾಲ್ಕು ದಿನ ಆದ ಮೇಲೆ ಚೂರುಗಳ ಅಂತರ ಹೆಚ್ಚಿಸಿ. ಆಮೇಲೆ ದಾರಿಯನ್ನು ಒಂದು ಕಡೆ ತಿರುಗಿಸಿ. ಇನ್ನೂ ಆಮೇಲೆ, ಜಾಡು ಹಾಕಿ ಕಾಲು ಗಂಟೆ ಬಿಟ್ಟು ನಾಯಿ ತನ್ನಿ. ಚಿಕನ್ ಹಾಕಿದಷ್ಟನ್ನು ರಾತ್ರಿ ಊಟದಲ್ಲಿ ಕಡಿಮೆ ಮಾಡಿ. ಬೀಗಲ್ ಬೇಗ ದಪ್ಪ ಆಗುತ್ತದೆ.